ಸಂಜೆಯ ಜ್ವರ, ಸೊಂಟನೋವು ಮತ್ತು ಕಸಾಯಿಖಾನೆಯ ಕೆಲಸ

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಊರು. ನಮ್ಮ ಯಜಮಾನರು ಹದಿನೈದು ವರ್ಷದಿಂದ ಕುರಿ, ಮೇಕೆ ಕಡಿಯುವ ಕೆಲಸ ಮಾಡುತ್ತಿದ್ದಾರೆ. ಬೆಳಗಿನ ಜಾವ ಕಸಾಯಿಖಾನೆಯಲ್ಲಿ, ಆಮೇಲೆ ಮಾಲೀಕರ ಮಟನ್ ಅಂಗಡಿಯಲ್ಲಿ. ಎರಡು ತಿಂಗಳಿಂದ ಸಂಜೆಯಾದರೆ ಜ್ವರ ಬರುತ್ತದೆ, ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗುತ್ತದೆ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಾರೆ. ಟೈಫಾಯ್ಡ್ ಎಂದು ಎರಡು ಸಲ ಔಷಧಿ ಕೊಟ್ಟರು. ಕಡಿಮೆಯಾಗಿ ಮತ್ತೆ ಬಂತು. ಜೊತೆಗೆ ಕೆಲಸ ಮಾಡುವ ಇನ್ನೊಬ್ಬರಿಗೂ ಹೀಗೆಯೇ ಆಗಿತ್ತಂತೆ. ಇದು ಕೆಲಸದಿಂದ ಬಂದ ರೋಗವೇ? ಬೋಟಿ, ತಲೆ, ಕಾಲು ಮನೆಗೆ ತಂದಾಗ ನಾನೇ ತೊಳೆದು ಕೊಡುತ್ತೇನೆ. ನಾನು ಈಗ ನಾಲ್ಕು ತಿಂಗಳ ಗರ್ಭಿಣಿ. ಐದು ವರ್ಷದ ಮಗನಿದ್ದಾನೆ. ನಮಗೂ ಬರುತ್ತದೆಯೇ? ಅವರು ಕೆಲಸ ಬಿಡಬೇಕೇ? (ಹೆಸರು ಬೇಡ)

ಉತ್ತರ: ಮೊದಲು ನಿಮ್ಮ ವಿಷಯ. ಬೋಟಿ, ತಲೆ, ಕಾಲು ತೊಳೆಯುವ ಕೆಲಸವನ್ನು ಇವತ್ತೇ ನಿಲ್ಲಿಸಿ. ಹೆರಿಗೆಯಾಗುವವರೆಗೆ ಪ್ರಾಣಿಯ ಹಸಿ ಒಳಾಂಗಗಳನ್ನು, ರಕ್ತ ಮೆತ್ತಿದ ಬಟ್ಟೆಯನ್ನು, ಕುರಿ ಅಥವಾ ಮೇಕೆ ಈದ ಜಾಗವನ್ನು ಮುಟ್ಟಬೇಡಿ. ಮುಂದಿನ ತಪಾಸಣೆಯವರೆಗೆ ಕಾಯದೆ ಈ ವಾರವೇ ನಿಮ್ಮ ಹೆರಿಗೆ ವೈದ್ಯರನ್ನು ಕಾಣಿ. ಯಜಮಾನರು ಕಸಾಯಿಖಾನೆಯಲ್ಲಿ ದುಡಿಯುತ್ತಾರೆ, ಅವರಿಗೆ ಎರಡು ತಿಂಗಳ ಜ್ವರವಿದೆ, ನಾನು ಮನೆಯಲ್ಲಿ ಹಸಿ ಬೋಟಿ ತೊಳೆಯುತ್ತಿದ್ದೆ ಎಂಬುದನ್ನು ಹೇಳಿ, ಅದನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ನಿಮಗೆ ಜ್ವರವಿಲ್ಲದಿದ್ದರೂ ಒಂದು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಯಾವ ಪರೀಕ್ಷೆ, ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ. ಗಾಬರಿಯಾಗಬೇಡಿ. ಸೋಂಕು ತಗುಲಿದ್ದರೂ ಗರ್ಭಿಣಿಯರಿಗೆ ಕೊಡಬಹುದಾದ ಔಷಧಿಗಳಿವೆ. ಬೇಗ ಗೊತ್ತಾದಷ್ಟೂ ನಿಮಗೂ ಮಗುವಿಗೂ ಕ್ಷೇಮ.

ಈಗ ನಿಮ್ಮ ಯಜಮಾನರ ಜ್ವರ. ರೋಗಿಯನ್ನು ಮುಟ್ಟಿ ನೋಡದೆ ರೋಗದ ಹೆಸರು ಹೇಳುವುದು ಸರಿಯಲ್ಲ. ಆದರೆ ಹದಿನೈದು ವರ್ಷ ಕುರಿ ಕಡಿದವರಿಗೆ ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟನೋವು ಇವು ಒಟ್ಟಿಗೆ ಇದ್ದರೆ ನಾನು ಮೊದಲು ಅನುಮಾನಿಸುವುದು ಬ್ರುಸೆಲ್ಲೋಸಿಸ್ ಎಂಬ ರೋಗವನ್ನು. ನಮ್ಮ ಪಶುವೈದ್ಯರು ಇದನ್ನು ಕಂದು ಹಾಕುವ ರೋಗ ಎನ್ನುತ್ತಾರೆ. ಕುರಿ, ಮೇಕೆ, ದನ, ಎಮ್ಮೆ, ಹಂದಿಗಳಲ್ಲಿ ಇರುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯದಿಂದ ಬರುವ ರೋಗ ಇದು. ಗಬ್ಬದ ಪ್ರಾಣಿ ದಿನ ತುಂಬುವ ಮೊದಲೇ ಕಂದು ಹಾಕುತ್ತದೆ, ಅದರಾಚೆಗೆ ರೋಗದ ಗುರುತು ಹೆಚ್ಚೇನೂ ಇರುವುದಿಲ್ಲ. ಮೇಯುತ್ತದೆ, ಓಡಾಡುತ್ತದೆ, ಸಂತೆಯಲ್ಲಿ ನಿಲ್ಲಿಸಿದರೆ ಒಳ್ಳೆಯ ಬೆಲೆಯೂ ಬರುತ್ತದೆ. ಮನುಷ್ಯರಿಗೆ ಬರುವ ಬ್ರುಸೆಲ್ಲಾ ಬಗೆಗಳಲ್ಲಿ ಹೆಚ್ಚು ಉಗ್ರವಾದದ್ದು ಕುರಿ-ಮೇಕೆಗಳಿಂದ ಬರುವ ಬಗೆಯೇ.

ಇನ್ನೊಂದು ವಿಷಯವನ್ನು ನೀವೇ ಅವರನ್ನು ಕೇಳಬೇಕು. ಒಂದು ಕಡೆಯ ವೃಷಣ ಊದಿಕೊಂಡು ನೋಯುತ್ತಿದೆಯೇ? ಈ ರೋಗದಲ್ಲಿ ಹಾಗಾಗುವುದುಂಟು. ಗಂಡಸರು ಇದನ್ನು ಹೆಂಡತಿಗೂ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಭಾರ ಎತ್ತಿದ್ದಕ್ಕೆ ಆಗಿರಬೇಕು ಎಂದುಕೊಂಡು ಸುಮ್ಮನಿರುತ್ತಾರೆ. ಇದ್ದರೆ ವೈದ್ಯರ ಮುಂದೆ ನಾಚಿಕೆಯಿಲ್ಲದೆ ಹೇಳಲಿ. ರೋಗ ಗುರುತಿಸಲು ಅದೊಂದು ಮಾತು ಎಷ್ಟೋ ಸಹಾಯ ಮಾಡುತ್ತದೆ.

ಟೈಫಾಯ್ಡ್ ಎಂದು ಎರಡು ಸಲ ಔಷಧಿ ಕೊಟ್ಟರು ಎಂದಿದ್ದೀರಿ. ಇದೇ ಕಥೆಯನ್ನು ನಾನು ಪದೇ ಪದೇ ಕೇಳುತ್ತೇನೆ. ನಮ್ಮಲ್ಲಿ ಜ್ವರ ಒಂದು ವಾರ ದಾಟಿದರೆ ವೈಡಾಲ್ ಎಂಬ ಟೈಫಾಯ್ಡ್ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಹಿಂದೆಂದೋ ಟೈಫಾಯ್ಡ್ ಬಂದಿದ್ದವರಲ್ಲಿ, ಲಸಿಕೆ ಪಡೆದವರಲ್ಲಿ, ಬೇರೆ ಜ್ವರಗಳಲ್ಲಿ ಕೂಡ ಅದು ಪಾಸಿಟಿವ್ ಬರಬಹುದು. ಒಂದೇ ಒಂದು ವೈಡಾಲ್ ಚೀಟಿಯನ್ನು ನಂಬಿ ಔಷಧಿ ಶುರುವಾಗುತ್ತದೆ. ಟೈಫಾಯ್ಡಿಗೆ ಕೊಡುವ ಕೆಲವು ಔಷಧಿಗಳು ಬ್ರುಸೆಲ್ಲಾ ಬ್ಯಾಕ್ಟೀರಿಯವನ್ನೂ ಸ್ವಲ್ಪ ಮಟ್ಟಿಗೆ ತಗ್ಗಿಸುತ್ತವೆ. ಜ್ವರ ಇಳಿಯುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಈ ಬ್ಯಾಕ್ಟೀರಿಯ ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುವ ಜಾತಿಯದು. ಹತ್ತು ದಿನದ ಔಷಧಿಗೆ ಅದು ಸಾಯುವುದಿಲ್ಲ. ಔಷಧಿ ನಿಂತ ಮೇಲೆ ಮತ್ತೆ ತಲೆ ಎತ್ತುತ್ತದೆ.

ಹಾಗಾಗಿ ಈ ಬಾರಿ ವೈದ್ಯರ ಬಳಿ ಹೋದಾಗ ಅವರು ಕೇಳಲಿ ಬಿಡಲಿ, ಮೊದಲ ಮಾತೇ ಇದಾಗಿರಲಿ: 'ನಾನು ಕಸಾಯಿಖಾನೆಯಲ್ಲಿ ಕುರಿ ಕಡಿಯುವ ಕೆಲಸ ಮಾಡುತ್ತೇನೆ.' ಹೊರರೋಗಿ ವಿಭಾಗದ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಇರುತ್ತವೆ. ಉದ್ಯೋಗ ಬರೆಯುವ ರೂಢಿ ಹೆಚ್ಚಿನ ಕಡೆ ಇಲ್ಲ. ಬರೆದರೂ 'ಕೂಲಿ' ಎಂದಿರುತ್ತದೆ. ಈ ರೋಗದ ವಿಷಯದಲ್ಲಿ ಆ ಒಂದು ಪದದ ಕೊರತೆಯೇ ತಿಂಗಳುಗಟ್ಟಲೆ ನರಳಿಸುತ್ತದೆ. ಜ್ವರದ ರೋಗಿಯ ಕೆಲಸ ಏನೆಂದು ಕೇಳದೆ ಮಾತ್ರೆ ಬರೆಯುವುದನ್ನು ನಮ್ಮ ವೈದ್ಯ ಬಳಗ ಬಿಡಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಪರೀಕ್ಷೆಯ ಹೆಸರು ರೋಸ್ ಬೆಂಗಾಲ್. ರಕ್ತದಿಂದ ಬೇರ್ಪಡಿಸಿದ ತಿಳಿದ್ರವದ (ಸೀರಮ್) ಒಂದು ಹನಿಗೆ ಗುಲಾಬಿ ಬಣ್ಣದ ದ್ರಾವಣ ಬೆರೆಸಿ ನಾಲ್ಕೈದು ನಿಮಿಷ ಅಲುಗಿಸಿದರೆ ಅದು ತರಿತರಿಯಾಗಿ ಗಂಟುಕಟ್ಟುತ್ತದೆಯೇ ಎಂದು ನೋಡುವ ಸರಳ, ಅಗ್ಗದ ಪರೀಕ್ಷೆ. ಅದು ಪಾಸಿಟಿವ್ ಬಂದರೆ ಈ ರೋಗದ ವಿರುದ್ಧ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳ ಪ್ರಮಾಣ ಅಳೆಯುವ ಟ್ಯೂಬ್ ಪರೀಕ್ಷೆ ಅಥವಾ ಎಲೈಸಾ ಮಾಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಕೇಳಿ. ಇಲ್ಲೊಂದು ಸೂಕ್ಷ್ಮವಿದೆ. ಹದಿನೈದು ವರ್ಷ ಈ ಕೆಲಸ ಮಾಡಿದವರ ರಕ್ತದಲ್ಲಿ ಹಳೆಯ ಸಂಪರ್ಕದ ಗುರುತು ಉಳಿದಿರಬಹುದು, ಈಗಿನ ಜ್ವರಕ್ಕೆ ಕಾರಣ ಬೇರೆಯೇ ಇರಬಹುದು. ಆದ್ದರಿಂದ ವರದಿಯೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಪ್ರಮಾಣ ಎಷ್ಟಿದೆ, ರೋಗಲಕ್ಷಣ ಹೊಂದುತ್ತದೆಯೇ ಎಂದು ವೈದ್ಯರು ತೂಗಿ ನೋಡಬೇಕು. ರಕ್ತವನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುವುದಾದರೆ ಬ್ರುಸೆಲ್ಲಾ ಅನುಮಾನವಿದೆ ಎಂದು ಲ್ಯಾಬಿನವರಿಗೆ ಮುಂಚೆಯೇ ತಿಳಿಸಬೇಕು. ಇದು ನಿಧಾನವಾಗಿ ಬೆಳೆಯುತ್ತದೆ, ಮಾಮೂಲಿಗಿಂತ ಹೆಚ್ಚು ದಿನ ಇಟ್ಟು ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಬೆಳೆದ ಬ್ಯಾಕ್ಟೀರಿಯ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೇ ಗಾಳಿಯ ಮೂಲಕ ತಗುಲಬಲ್ಲದು.

ಸೊಂಟನೋವು ಇರುವುದರಿಂದ ಬೆನ್ನೆಲುಬಿನ ಎಂಆರ್‌ಐ ಬೇಕಾಗಬಹುದು. ಬ್ರುಸೆಲ್ಲಾ ಬೆನ್ನಿನ ಕೆಳಭಾಗದ ಮೂಳೆಗಳಲ್ಲಿ ಕೂರುತ್ತದೆ. ಕ್ಷಯವೂ ಬೆನ್ನೆಲುಬಿಗೆ ಬರುತ್ತದೆ, ಅದರಲ್ಲೂ ಸಂಜೆಯ ಜ್ವರ, ಬೆವರು ಇರುತ್ತವೆ. ನಮ್ಮ ದೇಶದಲ್ಲಿ ಈ ಎರಡನ್ನು ಬೇರ್ಪಡಿಸಿ ನೋಡಲೇಬೇಕು. ಬ್ರುಸೆಲ್ಲಾಕ್ಕೆ ಕೊಡುವ ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಎರಡೂ ಕ್ಷಯದ ಔಷಧಿಗಳೇ. ಒಳಗೆ ಕ್ಷಯವಿದ್ದು ಇವನ್ನು ಮಾತ್ರ ಕೊಟ್ಟರೆ ಅದು ಅರೆಬರೆ ವಾಸಿಯಾಗಿ, ಮುಂದೆ ಔಷಧಿಗೆ ಬಗ್ಗದಂತಾಗುವ ಅಪಾಯವಿದೆ. 'ಕಫದ ಪರೀಕ್ಷೆ, ಎದೆಯ ಎಕ್ಸ್‌ರೇ ಏಕೆ' ಎಂದು ಅವರು ಗೊಣಗಿದರೆ ಇದನ್ನು ತಿಳಿಸಿ ಹೇಳಿ.

ರೋಗ ಖಚಿತವಾದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರು ವಾರ ಕೊಡುತ್ತಾರೆ. ಜೊತೆಗೆ ಮೊದಲ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಅಥವಾ ಮೊದಲ ಏಳರಿಂದ ಹತ್ತು ದಿನ ಜೆಂಟಾಮೈಸಿನ್ ಚುಚ್ಚುಮದ್ದು, ಇಲ್ಲವೇ ಆರು ವಾರವೂ ರಿಫಾಂಪಿಸಿನ್. ಬೆನ್ನೆಲುಬಿಗೆ ಹಬ್ಬಿದ್ದರೆ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು. ಯಾವುದು, ಎಷ್ಟು ಎಂಬುದನ್ನು ಅವರನ್ನು ನೋಡುವ ವೈದ್ಯರು ನಿರ್ಧರಿಸುತ್ತಾರೆ. ಅಂಗಡಿಯಿಂದ ನೀವೇ ತಂದು ಶುರು ಮಾಡಬೇಡಿ. ನಾನು ಒತ್ತಿ ಹೇಳುವುದು ಅವಧಿಯ ಬಗ್ಗೆ. ಮೊದಲ ವಾರ ಹತ್ತು ದಿನದೊಳಗೆ ಜ್ವರ ಬಿಡುತ್ತದೆ, ಹಸಿವು ಬರುತ್ತದೆ. ಆಗ ಮಾತ್ರೆ ನಿಲ್ಲಿಸಿ ಕೆಲಸಕ್ಕೆ ಹೋಗಿಬಿಡುತ್ತಾರೆ. ರೋಗ ಮರುಕಳಿಸುವುದು ಇಂಥವರಲ್ಲೇ ಹೆಚ್ಚು. ಮಾತ್ರೆಯ ಲೆಕ್ಕವನ್ನು ನೀವೇ ಇಟ್ಟುಕೊಳ್ಳಿ. ಅವರ ಜೊತೆಗಾರರನ್ನೂ ವಿಚಾರಿಸಿ: ಅವರಿಗೆ ಯಾವ ಪರೀಕ್ಷೆ ಆಯಿತು, ಎಷ್ಟು ವಾರ ಮಾತ್ರೆ ನುಂಗಿದರು? ಒಂದೇ ಕಡೆ ದುಡಿಯುವ ಇಬ್ಬರಿಗೆ ಒಂದೇ ಬಗೆಯ ಜ್ವರ ಎಂಬ ಸಂಗತಿ ನಿಮ್ಮ ವೈದ್ಯರಿಗೆ ತುಂಬ ಮುಖ್ಯ.

ಕೆಲಸದಿಂದಲೇ ಬಂದಿತೇ ಎಂದು ಕೇಳಿದ್ದೀರಿ. ಬ್ರುಸೆಲ್ಲಾ ಎಂದಾದರೆ, ಹಸಿ ಹಾಲು ಕುಡಿಯುವ ರೂಢಿ ಮನೆಯಲ್ಲಿಲ್ಲದಿದ್ದರೆ, ಬಹುತೇಕ ಹೌದು ಎನ್ನಬಹುದು. ಹೇಗೆ ಎಂದು ತಿಳಿಯಲು ಕೆಲಸ ನಡೆಯುವ ರೀತಿಯನ್ನೇ ನೋಡಬೇಕು.

ಕಡಿದ ಕುರಿಯ ಹಿಂಗಾಲಿನ ಬಳಿ ಚರ್ಮಕ್ಕೆ ಸಣ್ಣ ತೂತು ಮಾಡುತ್ತಾರೆ. ಅಲ್ಲಿ ಬಾಯಿ ಇಟ್ಟು ಗಾಳಿ ಊದುತ್ತಾರೆ. ಗಾಳಿ ತುಂಬಿದಾಗ ಚರ್ಮ ಮಾಂಸದಿಂದ ಬಿಟ್ಟುಕೊಂಡು ಸುಲಿಯಲು ಸಲೀಸಾಗುತ್ತದೆ. ನಂತರ ತೂಗುಹಾಕಿ ಸುಲಿಯುವಾಗ ಎರಡೂ ಕೈ ಬೇಕಾಗುತ್ತದೆ. ಆಗ ಕತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವವರಿದ್ದಾರೆ. ಹೊಟ್ಟೆ ಸೀಳಿ ಕರುಳು ಹೊರತೆಗೆಯುವಾಗ ಪ್ರಾಣಿ ಗಬ್ಬವಾಗಿದ್ದರೆ ಗರ್ಭಚೀಲವೂ ಜೊತೆಗೆ ಜಾರಿ ಬರುತ್ತದೆ. ಅದು ಹರಿದರೆ ಒಳಗಿನ ನೀರು ಎದೆಯ ಮೇಲೆ, ಮೊಣಕೈವರೆಗೆ, ಕೆಲವೊಮ್ಮೆ ಕಣ್ಣಿಗೆ ಸಿಡಿಯುತ್ತದೆ. ಸೋಂಕಿದ್ದ ಪ್ರಾಣಿಯ ದೇಹದಲ್ಲಿ ಬ್ರುಸೆಲ್ಲಾ ಅತಿ ಹೆಚ್ಚು ಇರುವುದು ಆ ನೀರಿನಲ್ಲಿ, ಮಾಸಿನಲ್ಲಿ, ಹುಟ್ಟದ ಮರಿಯಲ್ಲಿ. ಆಮೇಲೆ ಕೆಚ್ಚಲು, ಗುಲ್ಮ, ಗಂಡು ಪ್ರಾಣಿಯ ಬೀಜ. ತಿನ್ನುವ ಮಾಂಸಖಂಡದಲ್ಲಿ ಬಹಳ ಕಡಿಮೆ, ಬೇಯಿಸಿದರೆ ಅದೂ ಸಾಯುತ್ತದೆ.

ಇನ್ನು ಕೈಗಳು. ಈ ಕೆಲಸದಲ್ಲಿ ಹಳಬರಾದವರ ಎಡಗೈಯನ್ನು ಬೆಳಕಿಗೆ ಹಿಡಿದು ನೋಡಿ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಮಾಂಸ. ಹಾಗಾಗಿ ಗಾಯವೆಲ್ಲ ಎಡಗೈಗೆ. ಹೆಬ್ಬೆರಳು, ತೋರುಬೆರಳುಗಳ ಮೇಲೆ ಬೆಳ್ಳಗಾದ ಹಳೆಯ ಗೆರೆಗಳು, ಅವುಗಳ ನಡುವೆ ಒಂದೆರಡು ಇನ್ನೂ ಹಸಿಯಾದ ಗೀರುಗಳು, ಮೂಳೆಯ ಚೂರು ಚುಚ್ಚಿದ ಗುರುತು, ಇಡೀ ದಿನ ನೀರಲ್ಲಿದ್ದು ಸುಲಿದ ಉಗುರಿನ ಸಂದು. ಅವರು ಇದನ್ನು ಗಾಯ ಎಂದೇ ಎಣಿಸುವುದಿಲ್ಲ. ಬ್ರುಸೆಲ್ಲಾ ಒಳಗೆ ಹೋಗಲು ಅಷ್ಟು ದಾರಿ ಸಾಕು.

ರೋಗದ ಪ್ರಾಣಿಯೇ ಕಸಾಯಿಖಾನೆಗೆ ಏಕೆ ಬರುತ್ತದೆ ಎಂಬುದಕ್ಕೂ ಕಾರಣವಿದೆ. ಮಂದೆಯಲ್ಲಿ ಒಂದು ಕುರಿ ಮತ್ತೆ ಮತ್ತೆ ಕಂದು ಹಾಕಿದರೆ ಸಾಕುವವನಿಗೆ ಅದು ನಷ್ಟ, ಸಂತೆಗೆ ಹೊಡೆಯುತ್ತಾನೆ. ಅವನನ್ನು ದೂಷಿಸಿ ಫಲವಿಲ್ಲ. ಕಂದು ಹಾಕಿದ ಕುರಿಯ ಬದಲಿಗೆ ಅವನಿಗೆ ಪರಿಹಾರ ಕೊಡುವವರಿಲ್ಲ. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಬ್ರುಸೆಲ್ಲಾ ಲಸಿಕೆ ಇದೆ. ಆದರೆ ಅದು 4ರಿಂದ 8 ತಿಂಗಳ ದನ ಮತ್ತು ಎಮ್ಮೆಯ ಹೆಣ್ಣು ಕರುಗಳಿಗೆ. ಕುರಿ, ಮೇಕೆಗಳು ಆ ಪಟ್ಟಿಯಲ್ಲಿಲ್ಲ. ಮನುಷ್ಯರಿಗೆ ಕೊಡುವ ಲಸಿಕೆ ನಮ್ಮಲ್ಲಿ ಇಲ್ಲ.

ಕಾನೂನು ಇಲ್ಲವೆಂದಲ್ಲ. ಕಸಾಯಿಖಾನೆಗಳಿಗೆ ಸಂಬಂಧಿಸಿದ 2001ರ ಕೇಂದ್ರ ನಿಯಮಗಳ ಪ್ರಕಾರ ಗಬ್ಬದ ಪ್ರಾಣಿಯನ್ನು ಕಡಿಯುವಂತಿಲ್ಲ. ಪ್ರತಿ ಪ್ರಾಣಿಯನ್ನೂ ಪಶುವೈದ್ಯರು ಮುಂಚೆ ನೋಡಿ ಪ್ರಮಾಣಪತ್ರ ಕೊಡಬೇಕು. ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ನೋಡುವಂತಿಲ್ಲ. 18 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಈ ನಿಯಮವನ್ನು ಪ್ರಾಣಿದಯೆಗಾಗಿ ಮಾಡಿದ್ದರೂ ಗಬ್ಬದ ಪ್ರಾಣಿಯ ಹೊಟ್ಟೆ ಸೀಳದಂತೆ ತಡೆಯುವ ಒಂದು ಷರತ್ತು ಕಾರ್ಮಿಕನ ಆರೋಗ್ಯಕ್ಕೆ ಎಷ್ಟೋ ಔಷಧಿಗಿಂತ ಮಿಗಿಲು. ಅಂಗಡಿಯ ಹಿಂದಿನ ಅಂಗಳದಲ್ಲಿ ಕಡಿಯುವ ಕಡೆ ಇದನ್ನು ನೋಡುವವರು ಯಾರು?

ನನಗೆ ಸಂಕಟವಾಗುವುದು ಇನ್ನೊಂದು ವಿಷಯಕ್ಕೆ. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಆಹಾರವನ್ನು ಮುಟ್ಟಿ ಕೆಲಸ ಮಾಡುವ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು. ಕಣ್ಣು, ಚರ್ಮ ನೋಡುತ್ತಾರೆ, ಟೈಫಾಯ್ಡ್ ಲಸಿಕೆ ಆಗಿದೆಯೇ ಕೇಳುತ್ತಾರೆ, ಸಾಂಕ್ರಾಮಿಕ ರೋಗವಿಲ್ಲ ಎಂದು ಬರೆದುಕೊಡುತ್ತಾರೆ. ಈ ಕಾಗದವೆಲ್ಲ ಇರುವುದು ಕಾರ್ಮಿಕನಿಂದ ಮಾಂಸ ತಿನ್ನುವವರಿಗೆ ರೋಗ ಬಾರದಿರಲಿ ಎಂದು. ಪ್ರಾಣಿಯಿಂದ ಕಾರ್ಮಿಕನಿಗೆ ಏನು ಬಂದಿದೆ ಎಂಬ ಕಾಲಂ ಅದರಲ್ಲಿಲ್ಲ. ಅದೇ ತಪಾಸಣೆಯಲ್ಲಿ ಒಂದಿಷ್ಟು ರಕ್ತ ತೆಗೆದು ರೋಸ್ ಬೆಂಗಾಲ್ ಕೂಡ ಮಾಡಿದರೆ ಆಗುವ ಖರ್ಚು ಅತ್ಯಲ್ಪ. ನಗರಸಭೆ, ಪುರಸಭೆಗಳು ಇದನ್ನು ತಮ್ಮ ಕಸಾಯಿಖಾನೆಗಳಲ್ಲಾದರೂ ಶುರು ಮಾಡಬೇಕು. ಬ್ರುಸೆಲ್ಲಾದ ಬಗ್ಗೆ ಸಂಶೋಧನೆ ಮಾಡುವ ರಾಷ್ಟ್ರೀಯ ಸಂಸ್ಥೆ, ನಿವೇದಿ, ನಮ್ಮ ಬೆಂಗಳೂರಿನ ಯಲಹಂಕದಲ್ಲೇ ಇದೆ. ಅರಿವು ಇಲ್ಲ ಎಂದು ಹೇಳುವ ಹಾಗಿಲ್ಲ.

ಪರೀಕ್ಷೆಯಲ್ಲಿ ಬ್ರುಸೆಲ್ಲಾ ಸಿಗದಿದ್ದರೆ ಏನು ಎಂಬುದನ್ನೂ ಹೇಳಬೇಕು. ವೈದ್ಯರು ಆಗ ಕ್ಯೂ ಜ್ವರವನ್ನು ನೆನಪಿಸಿಕೊಳ್ಳಬೇಕು. ಇದು ಲೋಕಕ್ಕೆ ಗೊತ್ತಾದದ್ದೇ ಕಸಾಯಿಖಾನೆಯ ಕಾರ್ಮಿಕರಿಂದ. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕಸಾಯಿಖಾನೆಯಲ್ಲಿ ಒಬ್ಬರಾದ ಮೇಲೊಬ್ಬರು ಜ್ವರ ಬಿದ್ದರು. ಎಡ್ವರ್ಡ್ ಡೆರಿಕ್ ಎಂಬ ವೈದ್ಯ ಅದರ ಬೆನ್ನು ಹತ್ತಿ ಇದು ಟೈಫಾಯ್ಡೂ ಅಲ್ಲ, ಇಲಿ ಜ್ವರವೂ ಅಲ್ಲ, ಹೊಸದೇ ರೋಗ ಎಂದು ತೋರಿಸಿದ. ಇದರ ಬ್ಯಾಕ್ಟೀರಿಯವೂ ಕುರಿ, ಮೇಕೆ, ದನಗಳ ಮಾಸಿನಲ್ಲೇ ಹೇರಳ. ಒಣಗಿ ಧೂಳಾಗಿ ಗಾಳಿಯಲ್ಲಿ ತೇಲಿದರೂ ಸಾಯುವುದಿಲ್ಲ. ಉಸಿರಾಟದ ಮೂಲಕವೇ ತಗುಲುತ್ತದೆ. ಕೆಲವರಲ್ಲಿ ವರ್ಷಗಳ ನಂತರ ಹೃದಯದ ಕವಾಟಕ್ಕೆ ಬರುತ್ತದೆ, ಗರ್ಭಿಣಿಯರಲ್ಲಿ ಗರ್ಭಪಾತಕ್ಕೆ ಕಾರಣವಾಗಬಹುದು. ಆಸ್ಟ್ರೇಲಿಯಾದಲ್ಲಿ 1989ರಿಂದ ಇದಕ್ಕೆ ಲಸಿಕೆಯಿದೆ, ಕಸಾಯಿಖಾನೆಯ ಕೆಲಸಗಾರರಿಗೆ ಚರ್ಮ ಮತ್ತು ರಕ್ತ ಪರೀಕ್ಷೆ ಮಾಡಿ ಕೊಡುತ್ತಾರೆ. ಒಂದು ಕಸುಬಿನವರ ಜ್ವರವನ್ನು ಒಂದು ದೇಶ ಗಂಭೀರವಾಗಿ ತೆಗೆದುಕೊಂಡರೆ ಇಷ್ಟು ಸಾಧ್ಯವಾಗುತ್ತದೆ.

ಮಳೆಗಾಲದಲ್ಲಿ ಇಲಿ ಜ್ವರದ ಅನುಮಾನ ಮುಂದೆ ಬರಬೇಕು. ಇಲಿಯ ಮೂತ್ರದಿಂದ ಮಾತ್ರ ಅದು ಬರುತ್ತದೆ ಎಂದು ಜನ ತಿಳಿದಿದ್ದಾರೆ. ದನ, ಕುರಿ, ಹಂದಿಗಳ ಮೂತ್ರಪಿಂಡದಲ್ಲೂ ಅದರ ಬ್ಯಾಕ್ಟೀರಿಯ ಇರುತ್ತದೆ. ಮೂತ್ರಕೋಶ ಒಡೆದು ಚೆಲ್ಲಿದ ನೆಲದಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ, ಕಟ್ಟಿದ ಮೋರಿಗೆ ಕೈ ಹಾಕುವವರಿಗೆ ಅಪಾಯ ಹೆಚ್ಚು. ಇದ್ದಕ್ಕಿದ್ದಂತೆ ಜೋರು ಜ್ವರ, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು, ಆಮೇಲೆ ಕಾಮಾಲೆ, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣ. ಎರಡು ತಿಂಗಳ ಜ್ವರ ಇದಾಗಿರುವುದು ಕಷ್ಟ. ಆದರೆ ಮುಂದೆಂದಾದರೂ ಈ ಲಕ್ಷಣ ಕಂಡರೆ ಒಂದು ದಿನವೂ ತಡಮಾಡಬಾರದು.

ನೆರಡಿ (ಆಂಥ್ರಾಕ್ಸ್) ರೋಗದ ಬಗ್ಗೆ ಅವರಿಗೆ ಬೇರೆಯಾಗಿಯೇ ಎಚ್ಚರಿಕೆ ಹೇಳಿ. ಚೆನ್ನಾಗಿದ್ದ ಕುರಿ ಇದ್ದಕ್ಕಿದ್ದಂತೆ ಸತ್ತಿದೆ, ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರುತ್ತಿದೆ, ಆ ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದರೆ ಅದಕ್ಕೆ ಕತ್ತಿ ತಾಗಿಸಲೇಬಾರದು. ಕೊಯ್ದರೆ ಗಾಳಿ ಸೋಕಿದ ಬ್ಯಾಕ್ಟೀರಿಯ ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಸತ್ತ ಪ್ರಾಣಿಯನ್ನು ಕಡಿಮೆ ಬೆಲೆಗೆ ಕೊಂಡು ಸುಲಿಯುವ ಆಸೆ ಯಾರಿಗೂ ಬೇಡ. ಪಶು ಆಸ್ಪತ್ರೆಗೆ ಹೇಳಿ ಅವರು ಹೇಳಿದಂತೆ ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಇಂಥ ಪ್ರಾಣಿಯನ್ನು ಮುಟ್ಟಿದವರ ಕೈ ಮೇಲೆ ಒಂದು ವಾರದೊಳಗೆ ತುರಿಸುವ ಗುಳ್ಳೆ ಎದ್ದು, ನೋವಿಲ್ಲದೆ ಮಧ್ಯದಲ್ಲಿ ಕಪ್ಪಾಗಿ ಸುತ್ತ ಊದಿಕೊಂಡರೆ ಆಸ್ಪತ್ರೆಗೆ ಓಡಬೇಕು. ಬೇಗ ಔಷಧಿ ಸಿಕ್ಕರೆ ಪೂರ್ತಿ ವಾಸಿಯಾಗುತ್ತದೆ. ಹಾಗೆಂದು ಕೈಯ ಮೇಲಿನ ಪ್ರತಿ ಗುಳ್ಳೆಯೂ ನೆರಡಿಯಲ್ಲ. ಮರಿಗಳ ಬಾಯಿಯ ಸುತ್ತ ಹಕ್ಕಳೆ ಕಟ್ಟುವ ಒಂದು ವೈರಸ್ ರೋಗವಿದೆ, ಅದು ಕಡಿಯುವವರ ಬೆರಳಿಗೂ ಬರುತ್ತದೆ. ಅದನ್ನು ಕುಯ್ಯಬಾರದು, ಕೀವು ಹಿಂಡಬಾರದು. ಮುಚ್ಚಿಟ್ಟರೆ ಒಂದೆರಡು ತಿಂಗಳಲ್ಲಿ ತಾನಾಗಿ ಮಾಯುತ್ತದೆ. ಎರಡರ ವ್ಯತ್ಯಾಸವನ್ನು ವೈದ್ಯರೇ ಹೇಳಬೇಕು.

ಮೈತುಂಬ ಉಣುಗು ಹತ್ತಿದ ಪ್ರಾಣಿ ಬಂದರೆ ಉಣುಗನ್ನು ಬೆರಳಲ್ಲಿ ಚಿವುಟಿ ಕೊಲ್ಲಬೇಡಿ ಎಂದು ಹೇಳಿ. 2011ರ ಜನವರಿಯಲ್ಲಿ ಗುಜರಾತಿನ ಸಾನಂದ್ ಬಳಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೋ ರಕ್ತಸ್ರಾವ ಜ್ವರ ಉಣುಗಿನಿಂದಲೂ, ಸೋಂಕಿದ ಪ್ರಾಣಿಯ ರಕ್ತದಿಂದಲೂ ಬರುವಂಥದ್ದು. ಹಂದಿ ಕಡಿಯುವವರ ಅಪಾಯಗಳು ಬೇರೆ ಇವೆ: 1999ರಲ್ಲಿ ಸಿಂಗಪುರದಲ್ಲಿ ಮಲೇಷ್ಯಾದಿಂದ ಬಂದ ಹಂದಿಗಳಿಂದ 11 ಮಂದಿ ಕಸಾಯಿಖಾನೆ ಕಾರ್ಮಿಕರಿಗೆ ನಿಫಾ ತಗುಲಿ ಒಬ್ಬರು ತೀರಿಕೊಂಡರು. ನಿಮ್ಮ ಯಜಮಾನರ ಕೆಲಸಕ್ಕೆ ಇದು ಸಂಬಂಧಿಸಿದ್ದಲ್ಲ. ಧನುರ್ವಾಯು ಲಸಿಕೆ ಮಾತ್ರ ಅವರಿಗೆ ಬೇಕೇ ಬೇಕು. ಹತ್ತು ವರ್ಷಕ್ಕೊಮ್ಮೆ, ಆಳವಾದ ಅಥವಾ ಕೊಳಕಾದ ಗಾಯವಾಗಿ ಹಿಂದಿನದು ಐದು ವರ್ಷ ದಾಟಿದ್ದರೆ ಆಗಲೇ.

ಮನೆಯವರ ಪ್ರಶ್ನೆಗೆ ಬರುತ್ತೇನೆ. ಬ್ರುಸೆಲ್ಲಾ ಒಬ್ಬ ಮನುಷ್ಯನಿಂದ ಇನ್ನೊಬ್ಬರಿಗೆ ಹರಡುವುದು ಬಹಳ ಅಪರೂಪ. ಜೊತೆಯಲ್ಲಿ ಉಣ್ಣುವುದರಿಂದ, ಮಗನನ್ನು ಎತ್ತಿಕೊಳ್ಳುವುದರಿಂದ ಬರುವುದಿಲ್ಲ. ಅವರ ತಟ್ಟೆ ಲೋಟ ಬೇರೆ ಮಾಡಿ ಅವರ ಮನಸ್ಸು ನೋಯಿಸಬೇಡಿ. ವೀರ್ಯದ ಮೂಲಕ ಹರಡಿದ ಅಪರೂಪದ ನಿದರ್ಶನಗಳಿರುವುದರಿಂದ, ನೀವು ಗರ್ಭಿಣಿಯೂ ಆಗಿರುವುದರಿಂದ, ಚಿಕಿತ್ಸೆ ಮುಗಿಯುವವರೆಗೆ ಕಾಂಡೋಮ್ ಬಳಸಿ ಅಥವಾ ದೂರವಿರಿ. ನಿಮಗೂ ಮಗನಿಗೂ ನಿಜವಾದ ಅಪಾಯ ಪ್ರಾಣಿಯ ಕಡೆಯಿಂದ ಬರುವಂಥದ್ದು: ನೀವು ತೊಳೆಯುತ್ತಿದ್ದ ಬೋಟಿ, ಅವರ ಕೆಲಸದ ಬಟ್ಟೆ, ಕಾಯಿಸದ ಮೇಕೆ ಹಾಲು. ಮೇಕೆ ಹಾಲಿನ ವಿಷಯ ಹಳೆಯದು. ಮಾಲ್ಟಾ ದ್ವೀಪದಲ್ಲಿ ಸೈನಿಕರನ್ನು ಕಾಡುತ್ತಿದ್ದ ಇದೇ ಜ್ವರ ಮೇಕೆಗಳಿಂದ ಬರುತ್ತದೆಂದು 1905ರಲ್ಲಿ ಅಲ್ಲಿನ ವೈದ್ಯ ಥೆಮಿಸ್ಟೊಕ್ಲಿಸ್ ಝಮ್ಮಿಟ್ ಕಂಡುಹಿಡಿದ. ಮರುವರ್ಷ ಸೈನ್ಯದವರು ಆ ಹಾಲು ಬಿಟ್ಟೊಡನೆ ಜ್ವರ ತಗ್ಗಿತು. ಮಗನಿಗೆ ಒಳ್ಳೆಯದೆಂದು ಯಾರಾದರೂ ಕರೆದ ಬಿಸಿಯಲ್ಲೇ ಹಾಲು ಕುಡಿಸುತ್ತಿದ್ದರೆ ನಿಲ್ಲಿಸಿ, ಉಕ್ಕುವವರೆಗೆ ಕಾಯಿಸಿ ಕೊಡಿ. ಮಗನಿಗೆ ಬಿಡದ ಜ್ವರ, ಕೀಲು ನೋವು, ಕುಂಟುವುದು ಕಂಡರೆ ಅವನಿಗೂ ಪರೀಕ್ಷೆ ಮಾಡಿಸಿ. ಕೆಲಸದ ಬಟ್ಟೆ, ಚಪ್ಪಲಿ ಅಂಗಡಿಯಲ್ಲೇ ಉಳಿಯಲಿ. ಮನೆಗೆ ತಂದರೆ ಅವರೇ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಹಾಕಲಿ.

ಕೆಲಸ ಬಿಡಬೇಕೇ? ಜ್ವರ, ಬೆನ್ನುನೋವು ಇರುವಾಗ ಕಡಿಯುವ ಕೆಲಸಕ್ಕೆ ಹೋಗಬಾರದು. ವಾಸಿಯಾದ ಮೇಲೆ ಹೋಗಬಹುದು. ಹದಿನೈದು ವರ್ಷದ ಕಸುಬನ್ನು ಬಿಡಿ ಎಂದು ಕೂತಲ್ಲಿಂದ ಹೇಳುವುದು ಸುಲಭ, ಮನೆ ನಡೆಯಬೇಕಲ್ಲ. ಆದರೆ ಒಮ್ಮೆ ಬಂದರೆ ಮತ್ತೆ ಬಾರದು ಎಂಬ ಭರವಸೆ ಈ ರೋಗದಲ್ಲಿಲ್ಲ. ಆದ್ದರಿಂದ ಕೆಲಸದ ರೀತಿ ಬದಲಾಗಬೇಕು. ಬಾಯಿಂದ ಊದುವುದು ನಿಲ್ಲಲಿ. ಸೈಕಲ್ ಪಂಪಿನಿಂದಲೂ ಆ ಕೆಲಸ ಆಗುತ್ತದೆ. ಕತ್ತಿ ಹಲ್ಲಿಗೆ ಹೋಗದಂತೆ ಸೊಂಟಕ್ಕೊಂದು ಒರೆ ಇರಲಿ. ಮಾಂಸ ಹಿಡಿಯುವ ಎಡಗೈಗೆ ಕತ್ತಿ ತಾಗದ ಕೈಗವಸು, ಅದರ ಮೇಲೆ ರಬ್ಬರಿನದು. ಬರಿಯ ತೆಳು ಪ್ಲಾಸ್ಟಿಕ್ ಕೈಗವಸು ಮೊದಲ ಮೂಳೆಗೇ ಹರಿಯುತ್ತದೆ, ನೆಮ್ಮದಿಯಷ್ಟೇ ಲಾಭ. ಹೊಟ್ಟೆ ಸೀಳುವಾಗ ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಮಾಸ್ಕ್, ಕಾಲಿಗೆ ಗಂಬೂಟು. ಹಸಿ ಗಾಯವಿದ್ದ ದಿನ ಒಳಾಂಗದ ಕೆಲಸ ಬೇರೆಯವರಿಗೆ ಬಿಟ್ಟು ತಾವು ತೂಕ, ಕೈಮಾ ನೋಡಿಕೊಳ್ಳಲಿ. ಬೀಡಿ ಹಚ್ಚುವ ಮುಂಚೆ, ಚಹಾ ಲೋಟ ಹಿಡಿಯುವ ಮುಂಚೆ ಸೋಪು ಹಾಕಿ ಕೈ ತೊಳೆಯಲಿ. ಗಬ್ಬದ ಪ್ರಾಣಿ ಅಕಸ್ಮಾತ್ ಬಂದರೆ ಗರ್ಭಚೀಲವನ್ನು ಹರಿಯದೆ ಹಾಗೆಯೇ ತೆಗೆದು ಹೂಳಬೇಕು, ಬೀದಿ ನಾಯಿಗೆ ಎಸೆಯಬಾರದು. ನೀರುಗುಳ್ಳೆ ಇರುವ ಕಲೀಜ, ಶ್ವಾಸಕೋಶಗಳಿಗೂ ಇದೇ ಮಾತು: ಆ ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಹುಳ ಬೆಳೆದು, ಅದರ ಮಲದ ಮೂಲಕ ಮೊಟ್ಟೆಗಳು ನಾಯಿಯೊಡನೆ ಆಡುವ ಮಕ್ಕಳ ಹೊಟ್ಟೆ ಸೇರುತ್ತವೆ.

ಈ ಸಾಮಾನಿನ ಖರ್ಚು ಮಾಲೀಕರದ್ದು, ನಿಮ್ಮದಲ್ಲ. ಪ್ರಾಣಿ ಮತ್ತು ಪ್ರಾಣಿಯ ಕಳೇಬರ ಮುಟ್ಟುವ ಕೆಲಸದಲ್ಲಿ ತಗುಲುವ ಸೋಂಕು ರೋಗಗಳನ್ನು 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಪರಿಶಿಷ್ಟವೇ ಉದ್ಯೋಗಜನ್ಯ ರೋಗ ಎಂದು ಪಟ್ಟಿ ಮಾಡಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಪಟ್ಟಿ ಮುಂದುವರಿದಿದೆ. ನಿಮ್ಮ ಯಜಮಾನರಿಗೆ ಪರಿಹಾರ ಸಿಗುವುದೇ ಎಂಬುದು ಅವರು ಯಾರ ಕೈಕೆಳಗೆ ದುಡಿಯುತ್ತಾರೆ, ಅದಕ್ಕೆ ಪುರಾವೆ ಏನಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಆಸ್ಪತ್ರೆಯ ಚೀಟಿಯಲ್ಲಿ 'ಕಸಾಯಿಖಾನೆ ಕಾರ್ಮಿಕ' ಎಂದು ಬರೆಸಿ, ಎಲ್ಲ ವರದಿಗಳನ್ನೂ, ಕೂಲಿ ಪಡೆದ ಲೆಕ್ಕವನ್ನೂ ಜೋಪಾನವಾಗಿಡಿ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು ಕಾಣಿ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರ ನೆರವು ಕೊಡುತ್ತಾರೆ. ಅಲ್ಲಿ ನೀವೇ ಹೋಗಿ ಕೇಳಬಹುದು.